ಕಂಡಕ್ಟರ್ ವೀರಭದ್ರಪ್ಪನವರ ಮೂವತ್ತಕ್ಕೆ ಮೂವತ್ತು

“ಒಳಗ ಸರೀರಿ, ಒಳಗ ಸರೀರಿ! ನಡುವ ಜಾಗ ಖಾಲಿ ಐತಿ, ಬಾಗಲ ಬಿಡ್ರಿ!”

ಇದು ಬಸ್ಸಿನಲ್ಲಿ ಕೇಳಿದ ಮಾತಲ್ಲ. ಬಳ್ಳಾರಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಹೃದ್ರೋಗಿಗಳು ಡಾಕ್ಟರಿಗಾಗಿ ಕಾಯುವ ಪಡಸಾಲೆಯಲ್ಲಿ ಕೇಳಿದ್ದು. ಹಾಗೆ ಕೂಗಿದವರು ಸ್ವತಃ ಹೃದ್ರೋಗಿ. ಅವತ್ತು ಬಾಗಿಲಿಗೆ ಜೋತುಬಿದ್ದಿದ್ದ ಜನ ನರ್ಸುಗಳು ಬೈದರೂ ಕದಲದವರು, ಡಾಕ್ಟರು ಗದರಿದರೂ ಕದಲದವರು. ಆ ಒಂದು ಕೂಗಿಗೆ ಎಲ್ಲರೂ ಸದ್ದಿಲ್ಲದೆ ಒಳಗೆ ಸರಿದರು. ಅವರ ಜೊತೆ ನಾನೂ ಸರಿದೆ. ಸರಿದ ಮೇಲೆ ನಾನು ಇಲ್ಲಿ ಕೆಲಸದ ಮೇಲೆ ಬಂದವಳು, ಸರಿಯಬೇಕಾಗಿರಲಿಲ್ಲ ಎಂದು ಹೊಳೆಯಿತು.

ವೀರಭದ್ರಪ್ಪನವರು ಕುರುಗೋಡು ತಾಲೂಕಿನ ಬಾದನಹಟ್ಟಿಯವರು. ಬಳ್ಳಾರಿ–ಸಿರುಗುಪ್ಪ ದಾರಿಯ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದು ನಿವೃತ್ತರಾಗಿದ್ದರು. ನಿವೃತ್ತಿ ಎಂಬುದು ಕಾಗದದ ಮೇಲಿನ ಮಾತು. ಬಿಳಿ ಅಂಗಿ, ಬಿಳಿ ಧೋತರ, ಕಿವಿಯ ಸಂದಿಯಲ್ಲಿ ಪೆನ್ನು. ಕುರ್ಚಿ ಖಾಲಿ ಇದ್ದರೂ ಕೂರುತ್ತಿರಲಿಲ್ಲ, ಗೋಡೆಗೆ ಒರಗುತ್ತಿರಲಿಲ್ಲ. ಎರಡು ಕಾಲು ಅಗಲಿಸಿ ಪಡಸಾಲೆಯ ನಟ್ಟನಡುವೆ ನಿಲ್ಲುತ್ತಿದ್ದರು. ಆಸ್ಪತ್ರೆ ಯಾವ ಗಳಿಗೆಯಲ್ಲಾದರೂ ಬ್ರೇಕು ಹಾಕೀತು ಎಂಬ ತಯಾರಿ ಆ ನಿಲುವಿನಲ್ಲಿತ್ತು. ಅವರ ಹೆಂಡತಿ ನೀಲಮ್ಮ ಮಾತ್ರ ಮೂಲೆಯ ಬೆಂಚಿನಲ್ಲಿ ಮಾತ್ರೆಗಳ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. ಮಾತು ಕಡಿಮೆ. ಯಾವ ಮಾತ್ರೆ ಯಾವಾಗ ಎಂಬುದೆಲ್ಲ ಅವರ ಉಸ್ತುವಾರಿ.

ನಾನು ಆಗ ನರ್ಸಿಂಗಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಕೋರ್ಸು ಮುಗಿಯಬೇಕಾದರೆ ಒಂದು ಸಂಶೋಧನೆ ಮಾಡಲೇಬೇಕು. ನನ್ನ ಗೈಡ್ ಮೇಡಂ ಕೊಟ್ಟ ವಿಷಯ, ಹೃದ್ರೋಗಿಗಳಿಗೆ ತಮ್ಮ ಕಾಯಿಲೆಯ ಬಗ್ಗೆ ಎಷ್ಟು ತಿಳಿವಳಿಕೆ ಇದೆ ಎಂದು ಅಳೆಯುವುದು. ಮೂವತ್ತು ಪ್ರಶ್ನೆ, ಒಂದೊಂದಕ್ಕೆ ನಾಲ್ಕು ಉತ್ತರ, ಸರಿಯಾದದ್ದಕ್ಕೆ ಒಂದು ಅಂಕ. ಪ್ರಶ್ನೆಗಳನ್ನು ಕನ್ನಡಕ್ಕೆ ತಂದವರು ಯಾರೋ ನಾನರಿಯೆ. ಕನ್ನಡದ ಮೇಲೆ ಅವರಿಗೆ ಏನೋ ಹಳೆಯ ದ್ವೇಷವಿದ್ದಿರಬೇಕು. “ಎದೆಯ ಭಾಗದಲ್ಲಿ ಹಿಂಡಿದಂತಹ ಯಾತನೆಯು ಉದ್ಭವಿಸಿದ ಸಂದರ್ಭದಲ್ಲಿ ತಾವು ಕೈಗೊಳ್ಳುವ ಪ್ರಥಮ ಕ್ರಮ ಯಾವುದು?” ನಾನು ಹೀಗೆ ಓದಿದರೆ ಎದುರಿಗಿದ್ದ ರೈತ ನನ್ನನ್ನು ಕೋರ್ಟಿನಿಂದ ಬಂದವಳೆಂದು ತಿಳಿದು, “ನಮ್ಮ ಅಣ್ಣ ಬರ್ಲಿ ತಡೀರಿ, ನನಗೇನೂ ಗೊತ್ತಿಲ್ಲ” ಎನ್ನುತ್ತಿದ್ದ. ನಾನು ಸೊನ್ನೆ ಹಾಕುತ್ತಿದ್ದೆ. ಮೂರು ದಿನದಲ್ಲಿ ನನ್ನ ಬಳಿ ಸೊನ್ನೆಗಳ ದೊಡ್ಡ ಸಂಗ್ರಹವೇ ಆಯಿತು.

ಮೂರನೇ ದಿನ ವೀರಭದ್ರಪ್ಪನವರು ನನ್ನ ಮೇಜಿನ ಹತ್ತಿರ ಬಂದರು. ಕಾಗದವನ್ನು ಕೈಗೆ ತೆಗೆದುಕೊಂಡು, ಕಣ್ಣಿನಿಂದ ದೂರ ಹಿಡಿದು ಓದಿದರು.

“ಸಿಸ್ಟರಮ್ಮ, ಇದು ಯಾವ ಊರಿನ ಭಾಷಾ?”

“ಕನ್ನಡ ರೀ.”

“ಇರ್ಬೋದು ಬಿಡ್ರಿ,” ಎಂದು ಅವರು ಎದುರಿಗಿದ್ದ ರೈತನ ಕಡೆ ತಿರುಗಿದರು. “ಯಪ್ಪಾ, ಎದಿ ಹಿಡಕೊಂಡ್ರ ಮೊದಲ ಏನ್ ಮಾಡ್ತಿ?”

“ಸೋಡಾ ಕುಡೀತೀನಿ. ಗ್ಯಾಸ್ ಇರತೈತಲ್ಲ.”

“ಸೋಡಾಕ ಬಗ್ಗಲಿಲ್ಲ. ಆಮ್ಯಾಲ?”

“ಹೆಂಡ್ತಿನ್ನ ಕರೀತೀನಿ.”

“ಬರ್ಕೊಳ್ರಿ ಸಿಸ್ಟರಮ್ಮ,” ಎಂದರು. ನನ್ನ ನಾಲ್ಕು ಉತ್ತರಗಳಲ್ಲಿ ಸೋಡಾ ಇರಲಿಲ್ಲ, ಹೆಂಡತಿಯೂ ಇರಲಿಲ್ಲ. ಆದರೆ ಆ ರೈತನಿಗೆ ಏನು ಗೊತ್ತು ಏನು ಗೊತ್ತಿಲ್ಲ ಎಂಬುದು ನನಗೆ ಮೊದಲ ಸಲ ಗೊತ್ತಾಯಿತು. ಮುಂದಿನ ಹೆಣ್ಣುಮಗಳು ಆಂಧ್ರದ ಗಡಿಯವಳು. ಅವಳಿಗೆ ಅದೇ ಪ್ರಶ್ನೆಯನ್ನು ತೆಲುಗಿನಲ್ಲಿ ಹಾಕಿದರು. ಅದರಾಚೆಯ ಸಾಹೇಬರಿಗೆ ಉರ್ದುವಿನಲ್ಲಿ. ಮಧ್ಯಾಹ್ನದ ಹೊತ್ತಿಗೆ ಮೂವತ್ತು ಪ್ರಶ್ನೆಗಳೂ ಮೂರು ಭಾಷೆಯಲ್ಲಿ ಮನುಷ್ಯರು ಕೇಳುವ ಹಾಗೆ ತಯಾರಾದವು. ಗೈಡ್ ಮೇಡಂಗೆ ನಾನು ಇದನ್ನು ಹೇಳಲಿಲ್ಲ.

ತಮ್ಮ ಸ್ವಂತ ಎದೆನೋವಿನ ಕಥೆಯನ್ನು ವೀರಭದ್ರಪ್ಪನವರು ಹೇಳುತ್ತಿದ್ದ ರೀತಿಗೆ ಅದು ಬೇರೆ ಯಾರದೋ ಲಗೇಜು ಕಳೆದ ಕಥೆ ಎನಿಸುತ್ತಿತ್ತು. ಬಾದನಹಟ್ಟಿಯಲ್ಲಿ ಬೆಳಿಗ್ಗೆ ಎದೆ ಹಿಡಿದುಕೊಂಡಿತು, ಅಂಗಿ ಬೆವರಿನಿಂದ ತೊಯ್ದು ಹೋಯಿತು. ಬಂದ ಬಸ್ಸು ಹತ್ತಿ ಬಳ್ಳಾರಿಗೆ ಬಂದರು, ನಿಂತುಕೊಂಡು.

“ಸೀಟು ಇರಲಿಲ್ಲೇನ್ರಿ?”

“ಇದ್ವು. ನನಗ ಬಸ್ಸಿನಾಗ ಕೂತು ರೂಢಿಲ್ಲ. ಆ ಹುಡುಗ ಕಂಡಕ್ಟರ್ ಟಿಕೆಟ್ ಕೊಡೋದು ಭಾಳ ನಿಧಾನ ಇತ್ರಿ. ಅವಗ ಒಂದೀಟು ಕೈ ಹಚ್ಚಿದೆ.”

ಹೃದಯಾಘಾತವಾಗುತ್ತಿರುವ ಮನುಷ್ಯ ಬಾದನಹಟ್ಟಿಯಿಂದ ಬಳ್ಳಾರಿಯವರೆಗೆ ಟಿಕೆಟ್ ಹರಿಯುತ್ತ ಬಂದದ್ದನ್ನು ಕೇಳಿ ಡಾಕ್ಟರು ತಲೆ ಮೇಲೆ ಕೈ ಇಟ್ಟುಕೊಂಡರಂತೆ. ಅದೇ ದಿನ ಮುಚ್ಚಿದ್ದ ರಕ್ತನಾಳ ತೆರೆದು, ಅದು ಮತ್ತೆ ಮುಚ್ಚದ ಹಾಗೆ ಸ್ಟೆಂಟ್ ಎಂಬ ಪುಟ್ಟ ಜಾಲರಿಯ ಕೊಳವೆ ಹಾಕಿದರು. ಮನೆಗೆ ಕಳಿಸುವಾಗ ಒಂದೇ ಮಾತನ್ನು ಮೂರು ಸಲ ಹೇಳಿ ಕಳಿಸಿದರು: ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ಈ ಎರಡು ಮಾತ್ರೆಗಳನ್ನು ಒಂದು ವರ್ಷ ಒಂದು ದಿನವೂ ಬಿಡಬಾರದು. ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಗಟ್ಟಿಯಾಗಬಹುದು. ಹಾಗಾದರೆ ಎರಡನೇ ಸಲ ಬಸ್ಸು ಹತ್ತುವಷ್ಟು ಹೊತ್ತು ಸಿಗಲಿಕ್ಕಿಲ್ಲ.

ಇದನ್ನು ವೀರಭದ್ರಪ್ಪನವರು ಡಾಕ್ಟರಿಗಿಂತ ಚೆನ್ನಾಗಿ ಹೇಳುತ್ತಿದ್ದರು. ಹೊಸದಾಗಿ ಸ್ಟೆಂಟ್ ಹಾಕಿಸಿಕೊಂಡು ಬಂದವರನ್ನು ಹಿಡಿದು, “ಪಾಸ್ ಇದ್ದಂಗ ನೋಡ್ರಿ ಇದು. ದಿನಾ ತೋರಸಬೇಕು. ಒಂದಿನ ಇಲ್ಲ ಅಂದ್ರ ಇಳಿಸಿಬಿಡ್ತಾರ,” ಎನ್ನುತ್ತಿದ್ದರು. ಇಳಿಸುವವರು ಯಾರು ಎಂದು ಯಾರೂ ಕೇಳುತ್ತಿರಲಿಲ್ಲ.

ಕೊನೆಗೆ ಅವರ ಪರೀಕ್ಷೆ ನಾನು ಮಾಡಬೇಕಾಯಿತು. ನಿಂತೇ ಉತ್ತರ ಕೊಟ್ಟರು.

“ಹೃದಯದ ಕೆಲಸ ಏನ್ರಿ?”

“ರಕ್ತ ದಬ್ಬೋದು. ಮುಂದ?”

“ಉಪ್ಪು ಯಾಕ ಕಡಿಮಿ ಮಾಡಬೇಕು?”

“ಬಿಪಿ ಏರತೈತಿ. ಮುಂದ?”

“ಡಾಕ್ಟರು ಹೇಳಿದಂಗ ದಿನಾ ಗುಳಿಗಿ ತಗೋತೀರಾ?”

“ಅವ್ರು ಬರದಂಗ, ಒಂದಕ್ಷರ ತಪ್ಪಲಾರದಂಗ. ಮುಂದ?”

ಮೂವತ್ತಕ್ಕೆ ಮೂವತ್ತು. ನನ್ನ ಇಡೀ ಸಂಶೋಧನೆಯಲ್ಲಿ ಪೂರ್ತಿ ಅಂಕ ಪಡೆದವರು ಅವರೊಬ್ಬರೇ. ಕಾಗದದ ಮೇಲೆ ನಾನು ದೊಡ್ಡದಾಗಿ ಬರೆದು ಸುತ್ತು ಹಾಕಿದೆ. ಅವರು ಅದನ್ನು ನೀಲಮ್ಮನವರಿಗೆ ತೋರಿಸಿದರು. ನೀಲಮ್ಮ ನೋಡಿ, ಚೀಲದಿಂದ ಮಧ್ಯಾಹ್ನದ ಮಾತ್ರೆ ತೆಗೆದುಕೊಟ್ಟರು. ಅವರನ್ನು ನಾನು ಒಂದು ಮಾತೂ ಕೇಳಲಿಲ್ಲ. ನನ್ನ ಸಂಶೋಧನೆ ರೋಗಿಗಳ ಬಗ್ಗೆ, ರೋಗಿಗಳ ಹೆಂಡಂದಿರ ಬಗ್ಗೆ ಅಲ್ಲ.

ತಪಾಸಣೆಗೆ ಬರುವುದನ್ನೇ ಬಿಟ್ಟ ರೋಗಿಗಳು ಸಿರುಗುಪ್ಪದ ಕಡೆ ಕೆಲವರಿದ್ದರು. ಅವರ ಮನೆಗೇ ಹೋಗಿ ಕೇಳಿಕೊಂಡು ಬಾ ಎಂದರು ಮೇಡಂ. ವೀರಭದ್ರಪ್ಪನವರು ನಾನು ಕೇಳುವ ಮೊದಲೇ ತಯಾರಾಗಿದ್ದರು. “ಆ ದಾರಿಯಾಗ ನೀವು ಒಬ್ಬಾಕಿ ಹೋದ್ರ ಯಾರೂ ಖರೇ ಹೇಳಂಗಿಲ್ಲ. ನಾ ಬರ್ತೀನಿ.” ಬಸ್ಸಿನಲ್ಲಿ ನನಗೊಂದು ಸೀಟು ಕೊಡಿಸಿ, ತಾವು ಬಾಗಿಲ ಹತ್ತಿರ ನಿಂತರು. ತೆಕ್ಕಲಕೋಟೆ ಬಂದಾಗ ಈಗಿನ ಕಂಡಕ್ಟರು ಬಾಯಿ ತೆರೆಯುವ ಮೊದಲೇ ಇವರು “ತೆಕ್ಕಲಕೋಟಿ ಯಾರದೀರಿ, ಎದ್ದು ಬರ್ರಿ” ಎಂದರು. ಆ ಕಂಡಕ್ಟರು ಬೇಸರಪಟ್ಟುಕೊಳ್ಳಲಿಲ್ಲ. ಅವನಿಗೂ ಕೆಲಸ ಕಲಿಸಿದವರು ಇವರೇ ಇರಬೇಕು.

ಸಿರುಗುಪ್ಪದಲ್ಲಿ ಇಳಿದು, ಹಚ್ಚೊಳ್ಳಿಗೆ ಇನ್ನೊಂದು ಬಸ್ಸು. ಕಾಲುವೆ ನೀರು ಬಿಟ್ಟಿದ್ದರು, ಎಲ್ಲ ಕಡೆ ಭತ್ತದ ನಾಟಿ ನಡೆದಿತ್ತು. ಮೊದಲನೇ ಮನೆ ಗಂಗಮ್ಮನದು. ವೀರಭದ್ರಪ್ಪನವರ ಹಾಗೆಯೇ ಸ್ಟೆಂಟ್ ಹಾಕಿಸಿಕೊಂಡ ಹೆಂಗಸು. ಪ್ರಶ್ನೆಗಳಿಗೆ ಚೆನ್ನಾಗಿ ಉತ್ತರ ಕೊಟ್ಟಳು. ಮಾತ್ರೆ ತೋರಿಸಿರಿ ಎಂದೆ. ತಂದು ಮುಂದಿಟ್ಟ ಡಬ್ಬಿಯಲ್ಲಿ ಇರಬೇಕಾದದ್ದಕ್ಕಿಂತ ಜಾಸ್ತಿ ಮಾತ್ರೆ ಇದ್ದವು.

“ಇವು ಯಾಕ ಉಳದಾವ್ರಿ?”

“ಸೋಮವಾರದ್ದವ್ರಿ ಅವು. ಸೋಮವಾರ ಉಪಾಸ ಇರ್ತೀನಲ್ಲ.”

“ಉಪಾಸ ಇದ್ರ ಗುಳಿಗಿ ಯಾಕ ಬಿಟ್ರಿ?”

ಗಂಗಮ್ಮ ನನ್ನ ಓದಿನ ಬಗ್ಗೆ ಅನುಮಾನ ಬಂದವಳ ಹಾಗೆ ನೋಡಿ, ಚೀಟಿ ತಂದು ಬೆರಳಿಟ್ಟು ತೋರಿಸಿದಳು. ಊಟದ ನಂತರ ಎಂದು ಬರೆದಿತ್ತು. “ಊಟ ಆದ ಮ್ಯಾಲ ಅಂತ ಐತಿ. ಸೋಮವಾರ ಊಟನ ಇಲ್ಲ. ಹೆಂಗ ತಗೊಳ್ಳಿ?”

“ಅವತ್ತ ಏನೂ ತಿನ್ನಂಗಿಲ್ಲೇನ್ರಿ?”

“ತಿಂತೀನಿ. ಉಪ್ಪಿಟ್ಟು ಮಾಡ್ಕೊಂತೀನಿ, ಎರಡು ಬಾಳಿಹಣ್ಣು, ಚಾ.”

“ಮತ್ತ ಉಪ್ಪಿಟ್ಟು ತಿಂದ ಮ್ಯಾಲ ತಗೋಬೋದಲ್ರಿ?”

“ಅದು ಫಲಾರ ರೀ,” ಎಂದಳು ಗಂಗಮ್ಮ, ತಾಳ್ಮೆಯಿಂದ. “ಊಟ ಅಲ್ಲ.”

ತಟ್ಟೆ ತುಂಬ ಉಪ್ಪಿಟ್ಟು ತಿಂದರೂ ಅದು ಊಟವಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ. ನಮ್ಮ ಮನೆಯಲ್ಲೂ ಹಾಗೆಯೇ. ಅನ್ನ, ರೊಟ್ಟಿ ಮುಟ್ಟಿದರೆ ಊಟ, ಉಳಿದದ್ದೆಲ್ಲ ಫಲಾರ. ಮೂವತ್ತು ಪ್ರಶ್ನೆ ಹಿಡಿದುಕೊಂಡು ತಿರುಗುವ ನನಗೆ ಇದು ಯಾಕೆ ಹೊಳೆಯಲಿಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಈಗ ವೀರಭದ್ರಪ್ಪನವರು ಇವಳಿಗೆ ತಮ್ಮ ಪಾಸಿನ ಭಾಷಣ ಮಾಡುತ್ತಾರೆ ಎಂದು ಅವರ ಕಡೆ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು.

“ಬರೋಬ್ಬರಿ ಐತಲ್ಲ ಸಿಸ್ಟರಮ್ಮ, ಆಕಿ ಹೇಳಿದ್ದು. ಬರದಂಗ ಮಾಡ್ಯಾಳ. ನಾನೂ ಹಂಗ ಮಾಡ್ತೀನಿ.”

“ಅಪ್ಪಾರೆ, ನೀವೂ ಸೋಮವಾರ ಉಪಾಸಾ?”

“ಹೂಂ. ಅವತ್ತ ಎರಡೂ ಹೊತ್ತಿನ ಗುಳಿಗಿ ಇಲ್ಲ. ಬಿಟ್ಟಂಗಲ್ಲ ಅದು, ಊಟನ ಇಲ್ಲಂದ್ರ ಚೀಟಿ ಪ್ರಕಾರ ಗುಳಿಗಿನೂ ಇಲ್ಲ; ಶ್ರಾವಣದಾಗ ದಿನಾ ಒಪ್ಪತ್ತು, ಒಂದ ಹೊತ್ತಿನ ಗುಳಿಗಿ.”

ಅವರಿಗೆ ಸ್ಟೆಂಟ್ ಹಾಕಿ ಆರು ತಿಂಗಳಾಗಿತ್ತು. ಆರು ತಿಂಗಳಿಂದ ಪ್ರತಿ ವಾರ ಒಂದು ದಿನ ಈ ಮನುಷ್ಯ ಏನೂ ರಕ್ಷಣೆ ಇಲ್ಲದೆ ಓಡಾಡಿದ್ದಾರೆ. ಶ್ರಾವಣದ ತಿಂಗಳಿಡೀ ಒಪ್ಪತ್ತು ಇದ್ದು, ಒಂದೇ ಊಟಕ್ಕೆ ಒಂದೇ ಹೊತ್ತಿನ ಮಾತ್ರೆ ನುಂಗಿದ್ದಾರೆ. ಪಡಸಾಲೆಯಲ್ಲಿ ಊರಿಗೆಲ್ಲ ಬುದ್ಧಿ ಹೇಳಿದ್ದಾರೆ. ನಾನು ಅವರ ಕಾಗದಕ್ಕೆ ಸುತ್ತು ಹಾಕಿ ಕೊಟ್ಟಿದ್ದೇನೆ.

ಗಂಗಮ್ಮನ ಅಂಗಳದಲ್ಲೇ ನಿಂತು ಡಾಕ್ಟರಿಗೆ ಫೋನು ಹಚ್ಚಿದೆ. ಅವರು, “ಉಪವಾಸ ಇರಲಿ ಏನೇ ಇರಲಿ, ಬಿಡಬಾರದು. ಉಪ್ಪಿಟ್ಟು ತಿಂದರೆ ಸಾಕು. ಇಬ್ಬರಿಗೂ ಹೇಳು,” ಎಂದರು. ಹೇಳಿದೆ. ಗಂಗಮ್ಮ “ಆತು ಬಿಡ್ರಿ” ಎಂದಳು. ಸಿರುಗುಪ್ಪಕ್ಕೆ ವಾಪಸು ಬರುವ ಬಸ್ಸಿನಲ್ಲಿ ಜನ ಬಾಗಿಲಿಗೆ ಮುಗಿಬಿದ್ದರೂ ವೀರಭದ್ರಪ್ಪನವರು ಸರೀರಿ ಎನ್ನಲಿಲ್ಲ.

ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುವಾಗ ಕೇಳಿದರು. “ಹಂಗಾರ ನನ್ನ ಒಂದು ಮಾರ್ಕ್ಸು ಹೋತು?”

“ಅದಿರಲಿ ಬಿಡ್ರಿ ಅಪ್ಪಾರೆ. ಜೀವ ಮುಖ್ಯ.”

“ಇರಲಿ ಅಂದ್ರ ಹೆಂಗ? ತಪ್ಪು ಟಿಕೆಟ್ ಹರದ್ರ ಕ್ಯಾನ್ಸಲ್ ಅಂತ ಬರೀತಿದ್ವಿ ನಾವು. ನೀವೂ ಬರೀರಿ. ಇಪ್ಪತ್ತೊಂಬತ್ತು ಮಾಡ್ರಿ.”

ಮೇಡಂಗೆ ಕೇಳಿದೆ. ಸಂಗ್ರಹಿಸಿದ ಮಾಹಿತಿಯನ್ನು ಆಮೇಲೆ ತಿದ್ದುವಂತಿಲ್ಲ, ಪ್ರಶ್ನೆಗೆ ಅವರು ಕೊಟ್ಟ ಉತ್ತರ ಸರಿಯಾಗಿಯೇ ಇದೆ ಎಂದರು. ನಿಜ, ಡಾಕ್ಟರು ಬರೆದಂತೆ ಒಂದಕ್ಷರ ತಪ್ಪದೆ ತೆಗೆದುಕೊಳ್ಳುತ್ತಿದ್ದರಲ್ಲ. ಹೀಗಾಗಿ ನನ್ನ ಪ್ರಬಂಧದಲ್ಲಿ ವೀರಭದ್ರಪ್ಪನವರಿಗೆ ಇವತ್ತಿಗೂ ಮೂವತ್ತಕ್ಕೆ ಮೂವತ್ತೇ. ಇದನ್ನು ಅವರಿಗೆ ಹೇಳಿದಾಗ, “ನಿಮ್ಮ ಇಲಾಖೆದಾಗ ಚೆಕಿಂಗ್ ಇಲ್ಲೇನು?” ಎಂದು ಕೇಳಿದರು.

ಆಮೇಲೆ ಅವರೇ ಚೆಕಿಂಗಿಗೆ ಇಳಿದರು. ಸರತಿ ಬರುವುದಕ್ಕೂ ಕಾಯದೆ ಒಂದು ದಿನ ಡಾಕ್ಟರ ಕೋಣೆಗೇ ನುಗ್ಗಿದರು. “ಸಾಹೇಬ್ರ, ನಿಮ್ಮ ಚೀಟಿ ತಪ್ಪೈತಿ. ಊಟ ಆದ ಮ್ಯಾಲ ಅಂತ ಬರದ್ರ ನಮ್ಮ ಮಂದಿ ಊಟ ಮಾಡಿದ ದಿನ ಅಷ್ಟ ತಗೋತಾರ. ಉಪಾಸ ಇದ್ರೂ ತಗೋ ಅಂತ ಬರೀರಿ.” ಡಾಕ್ಟರು ಸಿಟ್ಟಾಗುತ್ತಾರೆ ಎಂದುಕೊಂಡು ನಾನು ಬಾಗಿಲಲ್ಲೇ ನಿಂತೆ. ಅವರು ಪೆನ್ನು ತೆಗೆದು ಹಾಗೆಯೇ ಬರೆದರು. ಇವತ್ತಿಗೂ ಅವರ ಚೀಟಿಗಳಲ್ಲಿ ಕನ್ನಡದಲ್ಲಿ ಆ ಸಾಲು ಇರುತ್ತದೆ.

ಸೋಮವಾರ ಬಂತೆಂದರೆ ವೀರಭದ್ರಪ್ಪನವರು ಯಾವುದೋ ಒಂದು ಬಸ್ಸು ಹತ್ತುತ್ತಿದ್ದರು. ಒಂದು ವಾರ ಕುರುಗೋಡು, ಒಂದು ವಾರ ಸಿರುಗುಪ್ಪ. ಎದೆಯ ಮೇಲೆ ಕೈ ಇಟ್ಟುಕೊಂಡು ಕೂತವರು, ಕೈಯಲ್ಲಿ ಆಸ್ಪತ್ರೆಯ ಚೀಲ ಹಿಡಿದವರು, ಯಾರೇ ಆಗಲಿ ಅವರ ಮುಂದೆ ನಿಂತು, “ಇವತ್ತ ನುಂಗೀರೇನ್ರಿ?” ಎಂದು ಕೇಳುವುದು. ಕೆಲವರಿಗೆ ಬರೀ ಸಂಧಿವಾತ ಇರುತ್ತಿತ್ತು. ಅವರೂ ಹೆದರಿ ನುಂಗೀವಿ ಎನ್ನುತ್ತಿದ್ದರು. ಗಂಗಮ್ಮನ ಮನೆಗೆ ಹೋಗಿ ಡಬ್ಬಿಯನ್ನೇ ತೆರೆಸಿ ನೋಡಿದರಂತೆ. ಮಾತ್ರೆ ಒಂದೂ ಉಳಿದಿರಲಿಲ್ಲ ಎಂದು ನನಗೆ ಬಂದು ವರದಿ ಒಪ್ಪಿಸಿದರು. ತಾವೂ ಒಂದು ದಿನವೂ ಬಿಡಲಿಲ್ಲ. ಅದನ್ನು ನಾನು ನೀಲಮ್ಮನವರನ್ನೇ ಕೇಳಿ ಖಾತ್ರಿ ಮಾಡಿಕೊಂಡಿದ್ದೆ. ಅಷ್ಟು ಬುದ್ಧಿ ನನಗೆ ಬಂದಿತ್ತು.

ಸ್ಟೆಂಟ್ ಹಾಕಿ ವರ್ಷ ತುಂಬಲು ಸ್ವಲ್ಪ ದಿನ ಇರುವಾಗ, ಒಂದು ಗುರುವಾರ ಬೆಳಿಗ್ಗೆ, ವೀರಭದ್ರಪ್ಪನವರು ಬಾದನಹಟ್ಟಿಯ ಮನೆಯಲ್ಲಿ ತೀರಿಕೊಂಡರು. ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವರು ಹಾಗೇ ಕುಸಿದರಂತೆ. ಪಕ್ಕದ ಮನೆಯವರು ಗಾಡಿ ತರುವುದರೊಳಗೆ ಎಲ್ಲ ಮುಗಿದಿತ್ತು. ನನಗೆ ಆಗ ಪರೀಕ್ಷೆಗಳು ನಡೆದಿದ್ದವು. ಸುದ್ದಿ ತಿಳಿಯುವ ಹೊತ್ತಿಗೆ ಮಣ್ಣು ಮಾಡಿ ನಾಲ್ಕು ದಿನವಾಗಿತ್ತು. ಬಹಳ ಅತ್ತೆ. ರೋಗಿಗಳಿಗಾಗಿ ಅಳಬಾರದು ಎಂದು ನಮಗೆ ಮೊದಲನೇ ವರ್ಷವೇ ಕಲಿಸಿರುತ್ತಾರೆ.

ಮೂರು ವಾರ ಬಿಟ್ಟು ಬಾದನಹಟ್ಟಿಗೆ ಹೋದೆ. ನೀಲಮ್ಮ ಒಬ್ಬರೇ ಇದ್ದರು. ಮಗಳು ನೀರು ತರಲು ಹೋಗಿದ್ದಳು. ನನ್ನನ್ನು ಕೂರಿಸಿ, ನೀರು ಕೊಟ್ಟು, ಎದುರಿಗೆ ಕೂತರು. ತಾವಾಗಿ ಶುರುಮಾಡಿದರು. ಅಷ್ಟು ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

“ಅವರಿಗೆ ಉಪಾಸದ ರೂಢಿ ಇದ್ದಿಲ್ಲವ್ವಾ. ಡ್ಯೂಟಿ ಮಾಡೋ ಮನಿಷಾ ಏನು ಉಪಾಸ ಇರ್ತಾನ? ಎದಿ ಹಿಡದ ದಿನ ಆಸ್ಪತ್ರ್ಯಾಗ ಅವರನ್ನ ಒಳಗ ಒಯ್ದಾಗ ನಾನು ಬಾಗಲ ಹೊರಗ ಕೂತು ಬೇಡಿಕೊಂಡೆ. ಶಿವನ, ಈ ಮನಿಷಾನ್ನ ಜೀವಂತ ಕಳಿಸು, ಇಬ್ರೂ ಸಾಯೋತನ ಸೋಮವಾರ ಹಿಡೀತೀವಿ ಅಂತ. ಅವ್ರು ಒಲ್ಲೆ ಅಂದ್ರು. ನಾನ ಕಾಡಿ ಕಾಡಿ ಹಿಡಿಸಿದೆ. ನೀ ಬೇಡಿಕೊಂಡಿದ್ದಿ ಅಂದ್ರ ಆತು ಅಂತ ಹಿಡದ್ರು.”

ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

“ಆ ಆರು ತಿಂಗಳು ಸೋಮವಾರ ಗುಳಿಗಿ ಎತ್ತಿ ಇಟ್ಟಾಕಿ ನಾನ. ನೀವು ಓದಿದಾಕಿ, ಖರೇ ಹೇಳ್ರಿ. ನನ್ನಿಂದ ಹೋದ್ರೇನು?”

ವರ್ಷವಿಡೀ ನಾನು ಜನರನ್ನು ಪ್ರಶ್ನೆ ಕೇಳುತ್ತ ತಿರುಗಿದ್ದೆ. ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಆಗ ಬಿಟ್ಟ ಮಾತ್ರೆ ಈಗ ಕೊಂದಿತೇ, ಮಾತ್ರೆ ಬಿಡದಿದ್ದರೆ ಉಳಿಯುತ್ತಿದ್ದರೇ, ಯಾವ ಡಾಕ್ಟರೂ ಖಚಿತವಾಗಿ ಹೇಳಲಾರ. ಗೊತ್ತಿಲ್ಲ ಎಂಬುದೇ ಪ್ರಾಮಾಣಿಕ ಉತ್ತರ.

“ಅಲ್ಲ ರೀ ಅಮ್ಮ,” ಎಂದೆ. “ನಿಮ್ಮಿಂದ ಅಲ್ಲ.”

“ಖರೇನಾ?”

“ಖರೇ.”

ಅವರು ನನ್ನ ಮುಖವನ್ನೇ ನೋಡಿದರು. ನಂಬಿದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಎದ್ದು ಒಲೆ ಹಚ್ಚಿ ನನಗಾಗಿ ರೊಟ್ಟಿ ಬಡಿದರು. ಒಂದೇ ತಾಟು ತಂದಿಟ್ಟರು. ಅವತ್ತು ಸೋಮವಾರ, ಅವರು ಬೆಳಗಿನಿಂದ ಏನೂ ತಿಂದಿರಲಿಲ್ಲ.

“ನೀವು ಉಣ್ಣದಿದ್ರ ನಾನೂ ಉಣ್ಣಂಗಿಲ್ಲ,” ಎಂದೆ.

“ಇವತ್ತ ಸೋಮವಾರವ್ವಾ.”

“ಗೊತ್ತೈತ್ರಿ.”

ನೀಲಮ್ಮ ನಿಂತೇ ಇದ್ದರು. “ಅವರ ಸಲುವಾಗಿ ಹಿಡದಿದ್ದು,” ಎಂದರು, ನನಗಲ್ಲ. ಆಮೇಲೆ ಒಳಗೆ ಹೋಗಿ ಇನ್ನೊಂದು ತಾಟು ತಂದರು. ನನ್ನ ಎದುರಿಗೆ ಕೂತು ರೊಟ್ಟಿ ಮುರಿದು, ಪಲ್ಯ ಹಚ್ಚಿ, ಬಾಯಿಗಿಟ್ಟುಕೊಂಡರು. ಅಗಿಯದೆ ಬಹಳ ಹೊತ್ತು ಹಾಗೇ ಕೂತಿದ್ದರು. ಆಮೇಲೆ ನುಂಗಿದರು.